ರುಬ್ಬಿದ್ದು ಫ್ರೀಜರ್‌ಗೆ, ಒಗ್ಗರಣೆ ಅವತ್ತಿಗೆ

ಅಡುಗೆಮನೆ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಮನೆಯಲ್ಲಿ ಇರುವುದು ಇಬ್ಬರೋ ಮೂವರೋ. ಒಂದೇ ದಿನ ಜಾಸ್ತಿ ಅಡುಗೆ ಮಾಡಿ ಫ್ರೀಜರ್‌ನಲ್ಲಿ ಇಟ್ಟುಕೊಳ್ಳಬಹುದಾ ಅಂತ. ಪುನರ್ವಸು ಮಳೆ ಹಿಡಿದ ಮೇಲೆ ಪೇಟೆಗೆ ಹೋಗಿ ಬರುವುದೇ ಒಂದು ಕೆಲಸ, ಹಾಗಾಗಿ ಈ ಪ್ರಶ್ನೆ ಈಗ ಬರುವುದು ಸಹಜ. ನಮ್ಮ ಮನೆಯಲ್ಲೂ ಈಗ ಇಬ್ಬರೇ. ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದ ತರಕಾರಿ ಅರ್ಧ ಬಾಡಿಹೋಗುವ ಮನೆಗಳ ಕಷ್ಟ ನನಗೆ ಗೊತ್ತು.

ಪ್ರಶ್ನೆ: ಅಕ್ಕಾ, ನಮ್ಮದು ಸಾಗರದ ಹತ್ತಿರ ಹಳ್ಳಿ. ಮಕ್ಕಳು ಬೆಂಗಳೂರಲ್ಲಿ. ಮನೆಯಲ್ಲಿ ನಾನು, ನಮ್ಮನೆಯವರು ಮಾತ್ರ. ಇಬ್ಬರಿಗೋಸ್ಕರ ದಿನಾ ಕಾಯಿ ತುರಿದು ಮಸಾಲೆ ರುಬ್ಬುವುದು ಸಾಕಾಗಿದೆ. ಕೈನೋವು ಬೇರೆ. ಮಗಳು ಹೇಳಿದಳು ಅಂತ ಆಲೂಗಡ್ಡೆ, ಸೌತೆಕಾಯಿ ಹಾಕಿ ವಾರಕ್ಕಾಗುವಷ್ಟು ಹುಳಿ ಮಾಡಿ ಫ್ರೀಜರ್‌ನಲ್ಲಿಟ್ಟೆ. ತೆಗೆದು ಬಿಸಿ ಮಾಡಿದರೆ ಸೌತೆ ನೀರು ನೀರು, ಆಲೂಗಡ್ಡೆ ಮರಳು ಮರಳು. ಯಾಕೆ ಹೀಗಾಯಿತು?
(ಹೆಸರು ಬೇಡ, ಸಾಗರ ತಾಲ್ಲೂಕು)

ಉತ್ತರ: ನಿಮ್ಮ ಕೈಯಡುಗೆಯಲ್ಲಿ ಏನೂ ತಪ್ಪಿಲ್ಲ ಅಕ್ಕಾ. ಆ ಎರಡು ತರಕಾರಿಗಳೇ ಫ್ರೀಜರ್‌ಗೆ ಆಗಿಬರುವುದಿಲ್ಲ. ತರಕಾರಿಯೊಳಗಿನ ನೀರು ಹೆಪ್ಪುಗಟ್ಟುವಾಗ ಹರಳಾಗುತ್ತದೆ. ಮನೆಯ ಫ್ರಿಜ್ ನಿಧಾನಕ್ಕೆ ಗಟ್ಟಿ ಮಾಡುವುದರಿಂದ ಹರಳು ದಪ್ಪವಾಗಿ ಬೆಳೆದು ತರಕಾರಿಯನ್ನು ಒಳಗಿಂದೊಳಗೇ ಸೀಳುತ್ತದೆ. ಕರಗಿದಾಗ ನೀರೆಲ್ಲ ಹೊರಗೆ ಬರುತ್ತದೆ. ಬೂದುಗುಂಬಳ, ಸೀಮೆಬದನೆ, ಹೀರೆಕಾಯಿ ಎಲ್ಲವೂ ಹೀಗೇ. ಆಲೂಗಡ್ಡೆಯಲ್ಲಿ ಪಿಷ್ಟ ಮತ್ತು ನೀರು ಬೇರೆಬೇರೆಯಾಗಿ ಬಿಡುತ್ತವೆ. ಮರಳು ಮರಳು ಅನ್ನಿಸುವುದು ಅದಕ್ಕೇ.

ನಾನು ಹೇಳುವುದು ಇಷ್ಟು: ಹುಳಿಯನ್ನೇ ಇಡಬೇಡಿ. ಹುಳಿ ಮಾಡುವುದರಲ್ಲಿ ಕೈ ಸೋಲುವ ಕೆಲಸ ಯಾವುದೋ ಅದನ್ನು ಮಾತ್ರ ಮುಗಿಸಿ ಇಡಿ. ನಮ್ಮ ಕಡೆಯ ಅಡುಗೆಯಲ್ಲಿ ಹೊತ್ತು ಹೋಗುವುದು ಕಾಯಿ ತುರಿಯುವುದಕ್ಕೆ, ರುಬ್ಬುವುದಕ್ಕೆ, ಕಾಳು ನೆನೆಸಿ ಬೇಯಿಸುವುದಕ್ಕೆ. ಈ ಮೂರೂ ಫ್ರೀಜರ್‌ನಲ್ಲಿ ಚೆನ್ನಾಗಿ ಉಳಿಯುತ್ತವೆ. ತರಕಾರಿ ಬೇಯುವುದಕ್ಕೆ ಹತ್ತು ನಿಮಿಷ ಸಾಕಲ್ವಾ? ಅದು ಅವತ್ತವತ್ತೇ ಆಗಲಿ.

ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸು, ಉದ್ದಿನಬೇಳೆ, ಸ್ವಲ್ಪ ಮೆಂತ್ಯ ಹುರಿದುಕೊಂಡು ಕಾಯಿತುರಿ ಜೊತೆ ರುಬ್ಬಿ. ನೀರು ಆದಷ್ಟು ಕಡಿಮೆ ಇರಲಿ. ಉಪ್ಪು, ಹುಣಸೆಹಣ್ಣು ಈಗ ಬೇಡ. ಇಡ್ಲಿ ತಟ್ಟೆಗೆ ಒಂಚೂರು ಎಣ್ಣೆ ಸವರಿ, ಗುಳಿಗಳಿಗೆ ಈ ಮಸಾಲೆ ತುಂಬಿ ಫ್ರೀಜರ್‌ನಲ್ಲಿಡಿ. ಮಾರನೇ ದಿನ ಬಿಲ್ಲೆ ಬಿಲ್ಲೆಯಾಗಿ ಬಿಡಿಸಿಕೊಂಡು ಒಂದೇ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಕಟ್ಟಿ. ಇಬ್ಬರ ಹುಳಿಗೆ ಎರಡು ಬಿಲ್ಲೆ ಸಾಕು. ತರಕಾರಿ ಬೆಂದ ಮೇಲೆ ಕರಗಿಸದೆ ಹಾಗೇ ಪಾತ್ರೆಗೆ ಬಿಡಿ. ಉಪ್ಪು, ಹುಳಿ ಹಾಕಿ ಚೆನ್ನಾಗಿ ಕುದಿಸಿ.

ಬೇಯಿಸಿದ ತೊಗರಿಬೇಳೆ, ಕಡಲೆ, ಅಲಸಂದೆ, ಹುರುಳಿ ಎಲ್ಲವನ್ನೂ ಒಂದು ಹೊತ್ತಿಗಾಗುವಷ್ಟು ಪಾಲು ಮಾಡಿ ಇಡಬಹುದು. ಹುರುಳಿ ಬೇಯಿಸಿದ ಕಟ್ಟನ್ನು ಚೆಲ್ಲಬೇಡಿ, ಅದನ್ನೂ ಇಡಿ. ಮಳೆ ಹೊಯ್ಯುವ ಸಂಜೆ ಹುರುಳಿ ಸಾರಿಗಿಂತ ಬೇರೆ ಏನು ಬೇಕು? ಕಾಯಿತುರಿಯನ್ನು ಮುದ್ದೆ ಮಾಡದೆ ಕವರಿನೊಳಗೆ ತೆಳ್ಳಗೆ ಹರಡಿ ಇಟ್ಟರೆ ಬೇಕಾದಷ್ಟು ಮುರಿದು ತೆಗೆಯಬಹುದು.

ಒಗ್ಗರಣೆ ಮಾತ್ರ ಅವತ್ತೇ ಹಾಕಿ. ಸಾಸಿವೆ, ಕರಿಬೇವು, ಇಂಗಿನ ಘಮ ಫ್ರೀಜರ್‌ನಲ್ಲಿ ಮಂಕಾಗುತ್ತದೆ. ಈ ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಬಿಸಿ ಹುಳಿಯ ಮೇಲೆ ಚುಂಯ್ ಅಂತ ಒಗ್ಗರಣೆ ಬಿದ್ದರೆ ಅದು ಅವತ್ತಿನ ಅಡುಗೆಯೇ.

ಮಜ್ಜಿಗೆಹುಳಿ, ತಂಬುಳಿ, ಮೊಸರು ಬೆರೆಸಿದ ಯಾವುದನ್ನೂ ಇಡಬೇಡಿ. ಕರಗಿದಾಗ ಒಡೆಯುತ್ತದೆ. ಒಂದೆಲಗದ ತಂಬುಳಿಗೆ ಹಿತ್ತಲಿಗೆ ಹೋಗಿ ಬರುವಷ್ಟೇ ಹೊತ್ತು.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಒಬ್ಬ ಪುಟ್ಟ ಮಗ. ಬಿಡುವು ಅಂದರೆ ಭಾನುವಾರ ಮಾತ್ರ. ಇರುವುದು ಒಂಟಿ ಬಾಗಿಲಿನ ಫ್ರಿಜ್. ಅಡುಗೆ ನಾನೇ ಮಾಡುತ್ತೇನೆ. ಮಾಡಿದ್ದನ್ನು ರಾತ್ರಿವರೆಗೆ ಆರಲು ಬಿಟ್ಟು ಆಮೇಲೆ ಫ್ರೀಜರ್‌ಗೆ ಹಾಕುತ್ತೇನೆ. ಸರಿಯಾ? ಎಷ್ಟು ದಿನ ಇಡಬಹುದು?
(ಒಬ್ಬ ಅಪ್ಪ, ವಿನೋಬನಗರ, ಶಿವಮೊಗ್ಗ)

ಉತ್ತರ: ರಾತ್ರಿವರೆಗೆ ಬಿಡುವುದು ಬೇಡವೇ ಬೇಡ. ಪುಟ್ಟ ಮಗು ಇರುವ ಮನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಭರಭರ ಬೆಳೆಯುತ್ತವೆ. ದೊಡ್ಡ ಪಾತ್ರೆ ತುಂಬ ಇರುವ ಸಾರು ಗಂಟೆಗಟ್ಟಲೆ ಅದೇ ಬಿಸಿಯಲ್ಲಿ ಕೂತಿರುತ್ತದೆ. ಅನ್ನದ ವಿಷಯ ಇನ್ನೂ ಸೂಕ್ಷ್ಮ. ಅಕ್ಕಿಯಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಉಳಿದರೆ ಅದು ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರೀಜರ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲ, ಬೆಳೆಯದಂತೆ ತಡೆಯುತ್ತದೆ, ಅಷ್ಟೇ. ಹಾಳಾದ ಮೇಲೆ ಒಳಗಿಟ್ಟರೆ ಹಾಳಾದದ್ದೇ ಹೊರಗೆ ಬರುತ್ತದೆ.

ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಅಡುಗೆ ಫ್ರಿಜ್ ಸೇರಬೇಕು. ಬೇಗ ಆರಿಸುವುದು ಸುಲಭ. ಅಗಲವಾದ ತಟ್ಟೆ, ಬೋಗುಣಿಗಳಿಗೆ ತೆಳ್ಳಗೆ ಹಂಚಿ. ಆ ಪಾತ್ರೆಗಳನ್ನು ತಣ್ಣೀರಿನ ಟಬ್ಬಿನಲ್ಲಿಟ್ಟು ಆಗಾಗ ಕೈಯಾಡಿಸಿ. ಈ ಮಳೆಗಾಲದಲ್ಲಿ ನಲ್ಲಿನೀರೇ ಬೇಕಾದಷ್ಟು ತಣ್ಣಗಿರುತ್ತದೆ.

ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿ ಇರಬೇಕು ಅನ್ನುವುದು ಲೆಕ್ಕ. ಒಂಟಿ ಬಾಗಿಲಿನ ಫ್ರಿಜ್‌ನ ಐಸ್ ಪೆಟ್ಟಿಗೆ ಎಷ್ಟೋ ಮನೆಗಳಲ್ಲಿ ಅಷ್ಟು ತಣ್ಣಗೆ ಆಗುವುದಿಲ್ಲ. ಒಂದು ಕಪ್ ಐಸ್‌ಕ್ರೀಮ್ ಇಟ್ಟು ನೋಡಿ. ಮಾರನೇ ದಿನವೂ ಕಲ್ಲಿನ ಹಾಗೆ ಗಟ್ಟಿ ಇದ್ದರೆ ನಿಮ್ಮ ಪೆಟ್ಟಿಗೆ ಚೆನ್ನಾಗಿದೆ. ಆಗ ಸಾರು, ಕಾಳು, ಕೋಳಿ ಸಾರು ಎರಡು ಮೂರು ತಿಂಗಳು ರುಚಿ ಕೆಡದೆ ಇರುತ್ತವೆ. ಮೆತ್ತಗಾಗಿದ್ದರೆ ಒಂದೆರಡು ವಾರದೊಳಗೆ ಮುಗಿಸುವಷ್ಟೇ ಮಾಡಿ. ಬರ್ಫ ದಪ್ಪವಾಗಿ ಕಟ್ಟಿಕೊಂಡಿದ್ದರೆ ಮೊದಲು ಅದನ್ನು ಕರಗಿಸಿ ತೆಗೆಯಿರಿ.

ಪ್ರತಿ ಡಬ್ಬಿಗೂ ಒಂದು ಚೀಟಿ ಅಂಟಿಸಿ, ಏನು, ಯಾವ ತಾರೀಕು ಅಂತ. ಗಟ್ಟಿಯಾದ ಮೇಲೆ ಬೇಳೆಯೂ ಮಸಾಲೆಯೂ ಒಂದೇ ಥರ ಕಾಣುತ್ತವೆ. ಬೇಕಾದ ಡಬ್ಬಿಯನ್ನು ಹಿಂದಿನ ರಾತ್ರಿ ಕೆಳಗಿನ ಫ್ರಿಜ್ ಭಾಗಕ್ಕೆ ಇಳಿಸಿ. ಬೆಳಿಗ್ಗೆ ಕೊತಕೊತ ಕುದಿಸಿ. ಬಿಸಿ ಮಾಡಿ ಉಳಿದದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ.

ಭಾನುವಾರ ಪೂರ್ತಿ ಒಲೆ ಮುಂದೆ ನಿಲ್ಲಬೇಡಿ ಅಂತಲೂ ಹೇಳಬೇಕು. ಒಂದು ವಾರ ಎರಡು ಥರ ಕಾಳು, ಮುಂದಿನ ವಾರ ಮಸಾಲೆ, ಆಮೇಲೆ ಅರೆಬೆಂದ ಚಪಾತಿ. ಹೀಗೆ ಸರದಿ ಮೇಲೆ ಮಾಡಿದರೆ ತಿಂಗಳೊಳಗೆ ಪೆಟ್ಟಿಗೆ ತುಂಬಿರುತ್ತದೆ. ಮಗನ ಜೊತೆ ಆಡುವುದಕ್ಕೂ ಭಾನುವಾರ ಉಳಿಯಬೇಕು.

ಪ್ರಶ್ನೆ: ಹೊಸನಗರದ ಆಚೆ ನಮ್ಮ ಮನೆ. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೆ ಒಂದೂವರೆ ಎರಡು ದಿನ ಕರೆಂಟ್ ಇರುವುದಿಲ್ಲ. ನಮ್ಮಂಥವರು ಫ್ರೀಜರ್ ನಂಬಬಹುದಾ?
(ಅಡಿಕೆ ಬೆಳೆಗಾರರು, ಹೊಸನಗರ ತಾಲ್ಲೂಕು)

ಉತ್ತರ: ಪೂರ್ತಿ ತುಂಬಿದ ಫ್ರೀಜರ್, ಬಾಗಿಲು ತೆಗೆಯದೆ ಬಿಟ್ಟರೆ 48 ಗಂಟೆ ತಣ್ಣಗಿರುತ್ತದೆ. ಅರ್ಧ ತುಂಬಿದ್ದರೆ 24 ಗಂಟೆ. ಇದು ಬೇರೆಯಾಗಿ ಬಾಗಿಲಿರುವ ಫ್ರೀಜರ್‌ನ ಮಾತು. ಒಂಟಿ ಬಾಗಿಲಿನ ಫ್ರಿಜ್‌ನೊಳಗಿನ ಸಣ್ಣ ಪೆಟ್ಟಿಗೆ ಅಷ್ಟು ತಡೆಯುವುದಿಲ್ಲ. ಖಾಲಿ ಜಾಗ ಇದ್ದರೆ ನೀರಿನ ಪ್ಲಾಸ್ಟಿಕ್ ಬಾಟಲಿಗಳನ್ನು ಕುತ್ತಿಗೆವರೆಗೆ ತುಂಬಿ ಅಲ್ಲಿ ಇಡಿ. ಅವೇ ಐಸ್ ಗಡ್ಡೆಯಾಗಿ ಉಳಿದದ್ದನ್ನು ಕಾಯುತ್ತವೆ. ಕೆಳಗಿನ ಫ್ರಿಜ್ ಭಾಗಕ್ಕೆ ನಾಲ್ಕು ಗಂಟೆ ಮಾತ್ರ ಲೆಕ್ಕ.

ಇನ್ನೊಂದು ಉಪಾಯ ಇದೆ, ಇದನ್ನು ಮಲೆನಾಡಿನ ಪ್ರತಿ ಮನೆಯಲ್ಲೂ ಮಾಡಬೇಕು. ಒಂದು ಸ್ಟೀಲ್ ಲೋಟದಲ್ಲಿ ಮುಕ್ಕಾಲು ನೀರು ಹಾಕಿ ಗಟ್ಟಿ ಮಾಡಿ. ಅದರ ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ನೀವು ಮದುವೆಗೋ ಆಸ್ಪತ್ರೆಗೋ ಹೋಗಿ ಬಂದಾಗ ಅದನ್ನೇ ಮೊದಲು ನೋಡಿ. ನಾಣ್ಯ ಮೇಲೇ ಇದ್ದರೆ ಸರಿ. ತಳ ಸೇರಿದ್ದರೆ, ಐಸ್ ಪೂರ್ತಿ ಕರಗಿ, ಕರೆಂಟ್ ಬಂದ ಮೇಲೆ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ನೋಡುವುದಕ್ಕೆ ಎಲ್ಲ ಸರಿ ಇದ್ದರೂ ಆ ಅಡುಗೆ ತಿನ್ನಬೇಡಿ. ನೀವು ಮನೆಯಲ್ಲೇ ಇದ್ದು, ಕರೆಂಟ್ ಬಂದಾಗ ಡಬ್ಬಿಯೊಳಗೆ ಇನ್ನೂ ಐಸ್ ಹರಳು ಕಾಣುತ್ತಿದ್ದರೆ ಮತ್ತೆ ಗಟ್ಟಿಯಾಗಲು ಬಿಡಬಹುದು.

ನಿಮ್ಮ ಕಡೆಯವರು ಮಳೆಗಾಲದಲ್ಲಿ ಮೀನು, ಕೋಳಿ ಕೂಡಿಡುವುದು ಬೇಡ. ಕಾಯಿತುರಿ, ಕಾಳು ಹೋದರೆ ಹೆಚ್ಚು ನಷ್ಟವಿಲ್ಲ. ಆಷಾಢಕ್ಕೆ ಅಟ್ಟದ ಮೇಲೆ ಹಪ್ಪಳ, ಸಂಡಿಗೆ, ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ ಹೇಗೂ ಇರುತ್ತವಲ್ಲ, ಅವಕ್ಕೆ ಕರೆಂಟಿನ ಹಂಗಿಲ್ಲ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ವಯಸ್ಸಾಗಿದೆ. ಫ್ರೀಜರ್‌ನಿಂದ ತೆಗೆದದ್ದೆಲ್ಲ ತಂಗಳು, ನನಗೆ ಬೇಡ ಅನ್ನುತ್ತಾರೆ. ದಿನಾ ಇದೇ ಮಾತು. ಹೇಗೆ ಒಪ್ಪಿಸಲಿ?
(ಸೊಸೆ, ತೀರ್ಥಹಳ್ಳಿ)

ಉತ್ತರ: ಒಪ್ಪಿಸಬೇಡಿ ತಂಗಿ. ಅವರ ಮಾತಿನಲ್ಲಿ ತಿರುಳಿದೆ. ಫ್ರಿಜ್ ಇಲ್ಲದ ಕಾಲದಲ್ಲಿ ರಾತ್ರಿ ಉಳಿದದ್ದನ್ನು ತಿನ್ನಬಾರದು ಅಂದವರು ಮನೆಮಂದಿಯ ಹೊಟ್ಟೆ ಕಾಪಾಡಿದರು. ನನ್ನ ಅಮ್ಮನೂ ತೀರ್ಥಹಳ್ಳಿ ಕಡೆಯವರೇ, ಅವರ ಈ ಶಿಸ್ತನ್ನು ನಾನು ಇವತ್ತಿಗೂ ಗೌರವಿಸುತ್ತೇನೆ. ಬೇಗ ಆರಿಸಿ ಫ್ರೀಜರ್‌ನಲ್ಲಿಟ್ಟದ್ದು ಹೊರಗೆ ಉಳಿದ ತಂಗಳಿನಂತಲ್ಲ, ನಿಜ. ಆದರೆ ಈ ವಯಸ್ಸಿನಲ್ಲಿ ಅವರೊಡನೆ ಅದನ್ನು ವಾದಿಸಿ ಏನಾಗಬೇಕು?

ಅವರಿಗೆ ಅನ್ನ ಬಿಸಿಯಾಗಿ ಆಗಲೇ ಮಾಡಿ. ಒಂದು ಹಿಡಿ ಅಕ್ಕಿಗೆ ಎಷ್ಟು ಹೊತ್ತು? ಹುಳಿಗೆ ಬೇಳೆಯೋ ಕಾಳೋ ಮೊದಲೇ ಬೇಯಿಸಿಟ್ಟದ್ದು ಇದ್ದರೆ, ತರಕಾರಿ ಹೆಚ್ಚುವ ಕೆಲಸವನ್ನು ಅವರ ಕೈಗೇ ಕೊಡಿ. ಒಗ್ಗರಣೆಯನ್ನು ಅವರ ಎದುರೇ ಹಾಕಿ. ಕೇಳಿದರೆ ಮುಚ್ಚಿಡಬೇಡಿ, ಕಾಳು ಫ್ರೀಜರ್‌ದು, ಉಳಿದದ್ದು ಈಗಿನದು ಅಂತ ಹೇಳಿಬಿಡಿ. ಹಬ್ಬ, ವ್ರತ, ತಿಥಿಯ ದಿನ ಎಲ್ಲವನ್ನೂ ಹೊಸದಾಗೇ ಮಾಡಿ.

ಪ್ರಶ್ನೆ: ಕಳಲೆ, ಹಲಸಿನ ಬೀಜ, ಪತ್ರೊಡೆ, ಕಡುಬು ಇವನ್ನು ಫ್ರೀಜರ್‌ನಲ್ಲಿ ಇಡಬಹುದಾ? ದಸರಾ ರಜೆಗೆ ಮೊಮ್ಮಕ್ಕಳು ಬರುತ್ತಾರೆ.
(ಅಜ್ಜಿ, ರಿಪ್ಪನ್‌ಪೇಟೆ)

ಉತ್ತರ: ನಾಲ್ಕೂ ಇಡಬಹುದು. ಕಳಲೆಯನ್ನು ಹಸಿಯಾಗಿ ಮಾತ್ರ ಇಡಬೇಡಿ. ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸುವುದು ನಿಮಗೆ ಗೊತ್ತೇ ಇದೆ. ಆಮೇಲೆ ಬೇಯಿಸಿ, ಆ ನೀರನ್ನೂ ಬಸಿದು ಚೆಲ್ಲಿ, ನಂತರ ಇಡಿ. ಹಲಸಿನ ಬೀಜವನ್ನು ಬೇಯಿಸಿ ಸಿಪ್ಪೆ ತೆಗೆದು ಇಡಿ. ಪತ್ರೊಡೆಯನ್ನು ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಬಿಲ್ಲೆ ಕೊಯ್ದು, ಒಂದಕ್ಕೊಂದು ಅಂಟದಂತೆ ತಟ್ಟೆಯಲ್ಲಿ ಹರಡಿ ಗಟ್ಟಿ ಮಾಡಿ, ಆಮೇಲೆ ಡಬ್ಬಿಗೆ ತುಂಬಿ. ಕಡುಬಿಗೂ ಇದೇ ಕ್ರಮ. ಗಾಜಿನ ಬಾಟಲಿ ಬೇಡ. ನೀರು ಐಸ್ ಆಗುವಾಗ ಹಿಗ್ಗುತ್ತದೆ, ಗಾಜು ಸೀಳುತ್ತದೆ. ಯಾವ ಡಬ್ಬಿಯಾದರೂ ಮೇಲೆ ಒಂದು ಬೆರಳು ಜಾಗ ಬಿಡಿ.

ಮೊಮ್ಮಕ್ಕಳು ಬಂದ ದಿನ ಪತ್ರೊಡೆ ಬಿಲ್ಲೆಗಳನ್ನು ಕರಗಿಸದೆ ಕಾವಲಿಗೆ ಹಾಕಿ, ಸಣ್ಣ ಉರಿಯಲ್ಲಿ ಎಣ್ಣೆ ಬಿಟ್ಟು ಒಳಗಿನವರೆಗೂ ಬಿಸಿಯಾಗುವಂತೆ ಎರಡೂ ಬದಿ ಕಾಯಿಸಿ. ಕಡುಬನ್ನು ಹಾಗೇ ಹಬೆಗಿಟ್ಟರೆ ಕಾಲು ಗಂಟೆಯಲ್ಲಿ ಮೆತ್ತಗಾಗುತ್ತದೆ. ದೊಡ್ಡ ಕಡುಬಾದರೆ ಒಂದನ್ನು ಮುರಿದು ನಡುವೆ ಬಿಸಿಯಾಗಿದೆಯಾ ನೋಡಿ, ಆಮೇಲೆ ಬಡಿಸಿ.