10 ವಾರದ ನಾಯಿಮರಿಗೆ ಎರಡು ಲಸಿಕೆ ಆಗಿದೆ. ಅದನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ಬೇರೆ ನಾಯಿಗಳ ಜೊತೆ ಬಿಡಬಹುದಾ?

"14 ವಾರದೊಳಗೆ ಆದಷ್ಟು ನಾಯಿಗಳ ಪರಿಚಯ ಆಗಬೇಕಂತೆ" ಅಂತ ಬರೆದಿದ್ದೀರಲ್ಲ, ಅದೇ ಮಾತು ನಂಬಿಕೊಂಡು ನಾನೂ ಹೊರಟಿದ್ದೆ. ಮರಿಗೆ ಆಗ 11 ವಾರ. ದಿನಕ್ಕೆ ಐದು ನಾಯಿ ಅಂತ ಲೆಕ್ಕ. ಮೂರನೇ ದಿನ ದೊಡ್ಡ ನಾಯಿಯೊಂದು ನೇರ ಓಡಿ ಬಂತು. ಕಚ್ಚಲಿಲ್ಲ, ಗುರ್ ಅನ್ನಲೂ ಇಲ್ಲ. ಮೂಸಿತು, ಮರಿಯ ಬೆನ್ನ ಮೇಲೆ ಪಂಜ ಇಟ್ಟಿತು. ಮರಿ ಹಿಂದೆ ಸರಿದು ನನ್ನ ಕಾಲುಗಳ ನಡುವೆ ನುಸುಳಿತು. ನಾನು ಪಕ್ಕಕ್ಕೆ ಸರಿದು "ಏನಿಲ್ಲ, ಹೋಗು, ಆಡು" ಅಂದೆ.

ತಪ್ಪಾಗಿದ್ದು ದೊಡ್ಡ ನಾಯಿ ಬಂದದ್ದರಲ್ಲಿ ಅಲ್ಲ, ನಾನು ಪಕ್ಕಕ್ಕೆ ಸರಿದದ್ದರಲ್ಲಿ. ಮರಿ ಅದಕ್ಕೂ ಮೊದಲೇ ಮೂರು ಸಲ ಹೇಳಿತ್ತು: ಮೂಗು ನೆಕ್ಕಿಕೊಂಡಿತ್ತು, ಮುಖ ಬೇರೆ ಕಡೆ ತಿರುಗಿಸಿತ್ತು, ಬಾಲ ಹೊಟ್ಟೆಯಡಿಗೆ ಮುದುರಿಕೊಂಡಿತ್ತು. ಎದುರಿನ ನಾಯಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಕಾಲಿನ ನಡುವೆ ಬಂದದ್ದು ನಾಲ್ಕನೇ ಸಲದ ಮಾತು. ಆ ಜಾಗವನ್ನೂ ಕಿತ್ತುಕೊಂಡರೆ ಮರಿ ಧೈರ್ಯ ಕಲಿಯುವುದಿಲ್ಲ; ಮೆತ್ತಗೆ ಹೇಳಿದರೆ ಯಾರೂ ಕೇಳುವುದಿಲ್ಲ ಅಂತ ಕಲಿಯುತ್ತದೆ. ಮೆತ್ತಗೆ ಹೇಳುವುದು ಬಿಟ್ಟ ಮೇಲೆ ಉಳಿಯುವುದು ಬೊಗಳುವುದು, ಮೇಲೆರಗುವುದು. ಏಳನೇ ತಿಂಗಳಿಗೆ ನಮ್ಮದು 20 ಮೀಟರ್ ದೂರದ ನಾಯಿಗೂ ಲೀಶ್ ಜಗ್ಗಿ ಬೊಗಳುತ್ತಿತ್ತು. ನೋಡಿದವರು "ಸೊಕ್ಕು" ಅಂದರು. ಅದು ಬರೀ ಹೆದರಿಕೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುವ ಕಾಲ ಸುಮಾರು 3ರಿಂದ 14 ವಾರ, ಅದು ನಿಜ. ಆದರೆ ಆ ಕಾಲದಲ್ಲಿ ಕಲಿಯಬೇಕಾದದ್ದು "ನಾಯಿ ಕಂಡರೆ ಗಾಬರಿ ಬೇಡ" ಎಂಬುದು, "ಕಂಡ ನಾಯಿಯನ್ನೆಲ್ಲ ಮುಟ್ಟಿ ಬರಬೇಕು" ಎಂಬುದಲ್ಲ. ಓಡಿ ಹೋಗಿ ಮುಟ್ಟುವ ಅಭ್ಯಾಸವಾದರೆ ಮುಂದೆ ಮುಟ್ಟಲು ಬಿಡದಾಗ ಅದೇ ಜಗ್ಗಾಟ, ಅದೇ ಬೊಗಳಾಟ.

ಇನ್ನು ಲಸಿಕೆ. ಎರಡು ಆಗಿದೆ ಅಂದಿರಿ, ಸಾಲದು. ತಾಯಿಯಿಂದ ಬಂದ ಪ್ರತಿಕಾಯಗಳು (ರೋಗದ ವಿರುದ್ಧ ಹೋರಾಡುವ ಅಂಶಗಳು) ಮರಿಯ ಮೈಯಲ್ಲಿ ಇರುವತನಕ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅವು ಯಾವ ವಾರ ಇಳಿಯುತ್ತವೆ ಎನ್ನುವುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ 2ರಿಂದ 4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕುವುದು. ವಾಂತಿ-ಭೇದಿ ತಂದು ಮರಿಗಳ ಪ್ರಾಣಕ್ಕೇ ಕುತ್ತಾಗುವ ಪಾರ್ವೋ ವೈರಸ್, ಸೋಂಕು ತಗುಲಿದ ನಾಯಿಯ ಮಲದಿಂದ ಮಣ್ಣಿಗೆ ಸೇರಿ ತಿಂಗಳುಗಟ್ಟಲೆ ಉಳಿಯುತ್ತದೆ, ಚಪ್ಪಲಿಗೆ ಅಂಟಿ ಮನೆಗೂ ಬರುತ್ತದೆ. ಸ್ಯಾನಿಟೈಸರಿಗೆ ಸಾಯುವುದಿಲ್ಲ; ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ, ತೊಳೆದ ನೆಲದ ಮೇಲೆ 10 ನಿಮಿಷ ಬಿಡಬೇಕು. ನಮ್ಮದಕ್ಕೆ ತಗುಲಲಿಲ್ಲ. ಅದು ಅದೃಷ್ಟ, ನನ್ನ ಜಾಣತನವಲ್ಲ.

ಹಾಗಂತ 16 ವಾರ ಮನೆಯೊಳಗೇ ಕೂಡಿಹಾಕಬೇಡಿ, ಅದು ಇನ್ನೊಂದು ಅತಿ. ಪಾರ್ಕಿನ ಅಂಚಿಗೆ ಎತ್ತಿಕೊಂಡು ಹೋಗಿ, ತೊಡೆಯ ಮೇಲೋ ತಂದ ಚಾದರದ ಮೇಲೋ ಕೂರಿಸಿ. ಬೇರೆ ನಾಯಿಗಳು 15-20 ಮೀಟರ್ ಆಚೆ ಇರಲಿ. ಒಂದೊಂದು ನಾಯಿ ಕಂಡಾಗಲೂ ಬಟಾಣಿ ಗಾತ್ರದ ತಿಂಡಿ ಒಂದು. ಮೊದಲು ನಾಯಿ ಕಾಣಬೇಕು, ಆಮೇಲೆ ತಿಂಡಿ. ಉಲ್ಟಾ ಮಾಡಿದರೆ ನಿಮ್ಮ ಕೈ ಜೇಬಿಗೆ ಹೋದಾಗಲೇ ಮರಿ ಸುತ್ತ ಹುಡುಕಿ ಗಾಬರಿಯಾಗುತ್ತದೆ. 10 ನಿಮಿಷ ಸಾಕು. ತಿಂಡಿ ಬೇಡ ಎಂದಿತೋ, ಹತ್ತಿರವಾಯಿತು ಅಂತ ಅರ್ಥ, ಹಿಂದೆ ಸರಿಯಿರಿ. ಪಪ್ಪಿ ಕ್ಲಾಸ್ (ಮರಿಗಳ ತರಬೇತಿ ತರಗತಿ) ಇದ್ದರೆ 7-8 ವಾರದಿಂದಲೇ ಸೇರಿಸಬಹುದು, ಮೊದಲ ಲಸಿಕೆಯಾಗಿ ಕನಿಷ್ಠ 7 ದಿನ ಕಳೆದಿರಬೇಕು ಅಷ್ಟೆ. ಅಮೆರಿಕನ್ ವೆಟರ್ನರಿ ಸೊಸೈಟಿ ಆಫ್ ಅನಿಮಲ್ ಬಿಹೇವಿಯರ್ ಹೇಳುವುದೂ ಇದನ್ನೇ.

ಹತ್ತಿರದ ಭೇಟಿಗೆ ಪರಿಚಯದವರ, ಲಸಿಕೆ ಪೂರ್ತಿಯಾದ, ಸಮಾಧಾನದ ದೊಡ್ಡ ನಾಯಿ ಒಂದಿದ್ದರೆ ಸಾಕು. ಮುಖಾಮುಖಿ ನಡೆಸಬೇಡಿ, ಪಕ್ಕದಿಂದ ಸುತ್ತು ಹಾಕಿಕೊಂಡು ಬನ್ನಿ. ಲೀಶ್ ಸಡಿಲವಾಗಿರಲಿ, ಮೇಲಕ್ಕೆ ಎಳೆದರೆ ಮರಿಯ ಎದೆ ಎತ್ತರವಾಗುತ್ತದೆ, ಮುಖ ತಿರುಗಿಸಲು ಆಗುವುದಿಲ್ಲ, ಎದುರಿನದಕ್ಕೆ ಅದು ಜಗಳಕ್ಕೆ ನಿಂತ ಹಾಗೆ ಕಾಣುತ್ತದೆ. ಮೂರು ಸೆಕೆಂಡ್ ಮೂಸಲಿ, ಕರೆಯಿರಿ, ತಿಂಡಿ ಕೊಡಿ. ತಾನಾಗಿ ವಾಪಸ್ ಹೋದರೆ ಮಾತ್ರ ಎರಡನೇ ಸುತ್ತು. ಆಟದ ನಡುವೆ ಅನುಮಾನ ಬಂದರೆ ಅಟ್ಟಿಸುತ್ತಿರುವ ನಾಯಿಯನ್ನು ಒಂದು ಗಳಿಗೆ ಹಿಡಿದುಕೊಳ್ಳಿ. ಓಡುತ್ತಿದ್ದದ್ದು ತಿರುಗಿ ಬಂದು ಕೆಣಕಿದರೆ ಆಟ, ಸಂದು ಸೇರಿದರೆ ಆಟವಲ್ಲ.

ಬಿಟ್ಟ ನಾಯಿ ನುಗ್ಗಿ ಬಂದರೆ? ಮರಿಯ ಮುಂದೆ ಅಡ್ಡ ನಿಂತು, ಒಂದು ಹಿಡಿ ತಿಂಡಿ ಆ ನಾಯಿಯ ಮೂತಿಯ ಕಡೆಗೆ ಎಸೆದು, ಅದು ಹೆಕ್ಕುವಷ್ಟರಲ್ಲಿ ಹೊರಟುಬಿಡಿ. ಮರಿ ಕಾಲಿನ ನಡುವೆ ಬಂದರೆ ಅಲ್ಲೇ ಇರಲಿ. ಎತ್ತಿಕೊಂಡರೂ ಕೆಡುವುದಿಲ್ಲ, "ಅಭ್ಯಾಸವಾಗುತ್ತೆ" ಅನ್ನುವವರ ಮಾತು ಕೇಳಬೇಡಿ. ಆ ನಾಯಿಯ ಮಾಲೀಕರು ದೂರದಿಂದ "ನಮ್ಮದು ಏನೂ ಮಾಡಲ್ಲ" ಅಂತ ಕೂಗುತ್ತಾರೆ. ವಾದಕ್ಕೆ ಇಳಿಯಬೇಡಿ, "ನಮ್ಮದಕ್ಕೆ ಹುಷಾರಿಲ್ಲ, ಅಂಟುತ್ತೆ" ಅಂತ ಕೂಗಿ. ಆಗ ಓಡಿ ಬಂದು ಹಿಡಿದುಕೊಳ್ಳುತ್ತಾರೆ.