ಪಾಳಿ ಬದಲಾಗುವಾಗ ರೋಗಿಯನ್ನು ವಹಿಸಿಕೊಡುವುದನ್ನು ಕಿರಿಯ ವೈದ್ಯರಿಗೆ ಪ್ರತ್ಯೇಕವಾಗಿ ಕಲಿಸುವುದೇಕೆ?

ಹಗಲು ಪಾಳಿಯ ವೈದ್ಯರಿಗೆ ರೋಗಿಯ ಬಗ್ಗೆ ಗೊತ್ತಿರುವುದೆಲ್ಲ ಕೇಸ್ ಶೀಟಿನಲ್ಲಿ ಇರುವುದಿಲ್ಲ, ಅದಕ್ಕೆ. ಬರೆದಿಟ್ಟದ್ದು ಹೆಚ್ಚಾಗಿ ಆಗಿಹೋದದ್ದನ್ನು ಹೇಳುತ್ತದೆ. ರಾತ್ರಿಯವರಿಗೆ ಬೇಕಿರುವುದು ಮುಂದೆ ಏನಾಗಬಹುದು, ಹಾಗಾದರೆ ಏನು ಮಾಡಬೇಕು ಎಂಬುದು. "ಜ್ವರ ಇದೆ, ಸ್ವಲ್ಪ ನೋಡಿಕೊಳ್ಳಿ" ಎಂದರೆ ಏನೂ ಹೇಳಿದಂತಾಗಲಿಲ್ಲ. "ಮತ್ತೆ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬ್ಲಡ್ ಕಲ್ಚರ್ (ರಕ್ತದಲ್ಲಿ ಸೋಂಕು ಇದೆಯೇ ಎಂದು ನೋಡುವ ಪರೀಕ್ಷೆ) ಕಳಿಸಿ, ಬಿಪಿ ಇಳಿದರೆ ಬೆಳಗಿನವರೆಗೆ ಕಾಯದೆ ಸೀನಿಯರ್‌ಗೆ ತಿಳಿಸಿ" ಎನ್ನಬೇಕು.

ಇದಕ್ಕೆಂದೇ ರೂಪಿಸಿದ ಐ-ಪಾಸ್ ಕ್ರಮದಲ್ಲಿ ಐದು ಭಾಗಗಳಿವೆ: ಕಾಯಿಲೆ ಎಷ್ಟು ಗಂಭೀರ, ರೋಗಿಯ ಚುಟುಕು ವಿವರ, ಬಾಕಿ ಕೆಲಸ, 'ಹೀಗಾದರೆ ಹೀಗೆ ಮಾಡಿ' ಎಂಬ ಸೂಚನೆ, ಕೊನೆಗೆ ಕೇಳಿಸಿಕೊಂಡವರು ತಮ್ಮದೇ ಮಾತಿನಲ್ಲಿ ತಿರುಗಿ ಹೇಳುವುದು. ಅವಸರದಲ್ಲಿ ಸುಲಭವಾಗಿ ಬಿಟ್ಟುಹೋಗುವುದು ಈ ಕೊನೆಯದು. ತಪ್ಪಾಗಿ ಕೇಳಿಸಿಕೊಂಡದ್ದು ಬಯಲಾಗುವುದೂ ಅಲ್ಲೇ. ಉತ್ತರ ಅಮೆರಿಕದ 9 ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ತರಬೇತಿಯ ನಂತರ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು ಇಳಿದಿದ್ದವು.

ತರಗತಿಯ ಪಾಠವೊಂದೇ ಸಾಲದು. ಹಿರಿಯ ವೈದ್ಯರು ಆಗಾಗ ಪಕ್ಕದಲ್ಲಿ ನಿಂತು ಕೇಳಿ, ಅಲ್ಲೇ ತಿದ್ದಬೇಕು. ಇಲ್ಲದಿದ್ದರೆ ಕ್ರಮ ಹಾಳೆಯ ಮೇಲಷ್ಟೇ ಉಳಿಯುತ್ತದೆ.