ನೌರು ಮತ್ತೆ ಪಕ್ಷ ಬದಲಿಸಿದಾಗ ರಾಯಭಾರ ಕಚೇರಿಗೆ ಏನಾಯಿತು?

ಪ್ರಶ್ನೆ: ಪೆಸಿಫಿಕ್ ದ್ವೀಪದೇಶ ನೌರು 2024ರಲ್ಲಿ ತೈವಾನ್ ಬಿಟ್ಟು ಚೀನಾ ಕಡೆ ಹೋಯಿತು. ಹಿಂದೆಯೂ ಹೀಗೆ ಮಾಡಿದೆಯಂತೆ. ಇಬ್ಬರೊಂದಿಗೂ ಇರಲು ಏನಡ್ಡಿ? ಸಂಬಂಧ ಕಡಿದ ಮೇಲೆ ರಾಯಭಾರಿ ಮತ್ತು ಅವರ ಕಟ್ಟಡದ ಗತಿಯೇನು?

ಉತ್ತರ: ಹೌದು, ಇದು ಮೂರನೇ ಬದಲಾವಣೆ. 1980ರಿಂದ ತೈಪೆ (ತೈವಾನ್) ಜೊತೆಗಿದ್ದ ನೌರು 2002ರ ಜುಲೈನಲ್ಲಿ ಬೀಜಿಂಗ್ (ಚೀನಾ) ಕಡೆ ಹೋಯಿತು, 2005ರ ಮೇನಲ್ಲಿ ತೈಪೆಗೆ ಮರಳಿತು, 2024ರ ಜನವರಿ 15ರಂದು ಮತ್ತೆ ಬೀಜಿಂಗ್ ಎಂದಿತು. ತೈವಾನಿನ ಅಧ್ಯಕ್ಷೀಯ ಚುನಾವಣೆ ಮುಗಿದು ಆಗ ಎರಡೇ ದಿನ. ನೌರು ಇರುವುದು 21 ಚದರ ಕಿಲೋಮೀಟರ್, ಜನ ಸುಮಾರು 12,000. ಫಾಸ್ಫೇಟ್ ಬಹುತೇಕ ಅಗೆದು ಮುಗಿದ ಮೇಲೆ ಆದಾಯಕ್ಕೆ ಉಳಿದದ್ದು ಟ್ಯೂನಾ ಮೀನುಗಾರಿಕೆಯ ಪರವಾನಗಿ ಮತ್ತು ಆಶ್ರಯ ಕೋರಿ ಬಂದವರನ್ನು ಇರಿಸಲು ಆಸ್ಟ್ರೇಲಿಯಾ ನಡೆಸುವ ಕೇಂದ್ರ. ಇವುಗಳ ಜೊತೆಗೆ 1999ರಿಂದ ವಿಶ್ವಸಂಸ್ಥೆಯಲ್ಲಿ ಒಂದು ಮತವಿದೆ. ಸಾಮಾನ್ಯ ಸಭೆಯಲ್ಲಿ ಅದಕ್ಕೆ ಭಾರತದ ಮತದಷ್ಟೇ ತೂಕ. ನೌರು ಭಾರೀ ಮೊತ್ತದ ನೆರವು ಕೇಳಿತ್ತು ಎಂದು ತೈವಾನ್ ಹೇಳಿತು. ಇದರಲ್ಲಿ ನಾಚಿಕೆಪಡುವಂಥದ್ದು ನನಗೆ ಕಾಣುವುದಿಲ್ಲ. ದೊಡ್ಡ ದೇಶಗಳೂ ಚೌಕಾಸಿ ಮಾಡುತ್ತವೆ, ಸದ್ದು ಕಡಿಮೆ ಅಷ್ಟೆ.

ಎರಡು ದೋಣಿಯಲ್ಲಿ ಕಾಲಿಡುವುದನ್ನು ಪಕ್ಕದ ಕಿರಿಬಾಟಿ (ಅಲ್ಲಿನವರ ಬಾಯಲ್ಲಿ ‘ಕಿರಿಬಾಸ್’) ಮಾಡಿ ನೋಡಿದೆ. 2003ರ ನವೆಂಬರ್ 7ರಂದು ಅದು ತೈವಾನಿಗೆ ಮಾನ್ಯತೆ ಕೊಟ್ಟು, ಚೀನಾವನ್ನೂ ಉಳಿಸಿಕೊಳ್ಳಲು ನೋಡಿತು. ಬೀಜಿಂಗ್ ಮೂರು ವಾರ ಕಾದು, 29ರಂದು ತಾನೇ ಸಂಬಂಧ ಕಡಿದುಕೊಂಡಿತು. ಕಿರಿಬಾಟಿಯ ರಾಜಧಾನಿ ತರಾವಾದಲ್ಲಿದ್ದ, ಉಪಗ್ರಹಗಳ ಜಾಡು ಹಿಡಿಯುವ ತನ್ನ ಕೇಂದ್ರವನ್ನೂ ಬಿಚ್ಚಿಕೊಂಡು ಹೋಯಿತು. 2019ರಲ್ಲಿ ಕಿರಿಬಾಟಿ ಮತ್ತೆ ಬೀಜಿಂಗ್ ಕಡೆಗೇ ಬಂತು. ತೈವಾನ್ ತನ್ನದೇ ಭಾಗ ಎನ್ನುವ ಬೀಜಿಂಗ್, ‘ಇಡೀ ಚೀನಾಕ್ಕೆ ಬೀಜಿಂಗ್‌ನದೊಂದೇ ಕಾನೂನುಬದ್ಧ ಸರ್ಕಾರ’ ಎಂಬ ಸಾಲು ಇಲ್ಲದೆ ಸಹಿ ಹಾಕುವುದಿಲ್ಲ. ನೌರು ಅದರ ಜೊತೆಗೆ, ತೈವಾನಿನೊಂದಿಗೆ ಇನ್ನು ಅಧಿಕೃತ ಸಂಬಂಧವಾಗಲಿ ವಿನಿಮಯವಾಗಲಿ ಇಲ್ಲ ಎಂದೂ ಬರೆದುಕೊಟ್ಟಿತು.

ಇನ್ನು ಕಚೇರಿಯ ಮಾತು. ತನ್ನ ಮರ್ಯಾದೆ ಉಳಿಸಿಕೊಳ್ಳಲು ತೈವಾನ್, ನೌರು ಘೋಷಿಸಿದ ದಿನವೇ ತಾನೂ ಸಂಬಂಧ ಮುಗಿಸಿತು. ರಾಯಭಾರ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ 44ನೇ ವಿಧಿಯ ಪ್ರಕಾರ ರಾಯಭಾರಿ ಮತ್ತು ಮನೆಯವರು ಬೇಗ ಹೊರಡಲು ಆತಿಥೇಯ ದೇಶ ಅನುಕೂಲ ಮಾಡಿಕೊಡಬೇಕು. ಹೊರಡುವವರೆಗೆ ಅವರ ರಕ್ಷಣೆ ಊರ್ಜಿತ. 45ನೇ ವಿಧಿಯ ಪ್ರಕಾರ ಕಟ್ಟಡ, ಆಸ್ತಿ, ಕಡತಗಳನ್ನು ಕಾಯಬೇಕು. ಅವನ್ನು ಮೂರನೇ ದೇಶದ ಸುಪರ್ದಿಗೆ ಒಪ್ಪಿಸಲೂಬಹುದು.

ಎಡವಟ್ಟಾಗುವುದು ಇಲ್ಲೇ. ತೈವಾನ್ ದೇಶವೇ ಅಲ್ಲ ಎಂದವರಿಗೆ ಅದರ ಕಟ್ಟಡವೂ ‘ಚೀನಾದ್ದು’. 2021ರಲ್ಲಿ ನಿಕರಾಗುವಾ ಚೀನಾ ಕಡೆ ಹೋದಾಗ, ತೈವಾನ್ ಅದರ ರಾಜಧಾನಿ ಮನಾಗುವಾದಲ್ಲಿದ್ದ ತನ್ನ ಕಚೇರಿಯನ್ನು ಅಲ್ಲಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯಕ್ಕೆ ದಾನ ಕೊಟ್ಟಿತು. ನಿಕರಾಗುವಾ ಸರ್ಕಾರ ಅದನ್ನು ಒಪ್ಪದೆ ಕಸಿದು ಚೀನಾಕ್ಕೆ ಕೊಟ್ಟಿತು. ಬಾಡಿಗೆ ಕಟ್ಟಡವಾಗಿದ್ದರೆ ಈ ತಕರಾರೇ ಬರುತ್ತಿರಲಿಲ್ಲ.

ಹೊಸ ಕಚೇರಿ ತೆರೆಯುವುದು ಇಷ್ಟು ತಲೆನೋವಿನದಲ್ಲ. 2024ರ ಜನವರಿ 24ರಂದು ಬೀಜಿಂಗ್‌ನಲ್ಲಿ ನೌರು ಮತ್ತು ಚೀನಾದ ಸಹಿಯಾಯಿತು, ತಿಂಗಳು ಮುಗಿಯುವ ಮೊದಲೇ ನೌರುವಿನಲ್ಲಿ ಚೀನಾದ ಕಚೇರಿ ತೆರೆಯಿತು. ರಾಯಭಾರಿ ಮಾತ್ರ ನಿಧಾನ: ಮೊದಲು ಹೆಸರನ್ನು ಗುಟ್ಟಾಗಿ ಕಳಿಸಿ ಆತಿಥೇಯ ದೇಶದ ಒಪ್ಪಿಗೆ (ಅಗ್ರೆಮಾಂ) ಪಡೆಯಬೇಕು. ನಿರಾಕರಿಸಿದರೆ ಕಾರಣ ಕೊಡುವ ಕಟ್ಟುಪಾಡಿಲ್ಲ. ಆಮೇಲೆ ರಾಷ್ಟ್ರಾಧ್ಯಕ್ಷರಿಗೆ ರುಜುವಾತು ಪತ್ರ ಸಲ್ಲಿಕೆ. ಅಲ್ಲಿಯವರೆಗೆ ಪ್ರಭಾರ ಅಧಿಕಾರಿಯೇ ಕಚೇರಿ ನಡೆಸುತ್ತಾರೆ.

ಪ್ರಶ್ನೆ: ನೌರುವಿಗೆ ಕೆಲಸದ ಮೇಲೆ ಹೋಗುತ್ತಿದ್ದೇನೆ. ಪಾಸ್‌ಪೋರ್ಟ್ ಕಳೆದರೆ ಯಾರನ್ನು ಕೇಳಬೇಕು?

ಉತ್ತರ: ಅಲ್ಲಿ ಭಾರತದ ಕಚೇರಿ ಇಲ್ಲ. ಫಿಜಿಯ ಸುವಾದಲ್ಲಿರುವ ಹೈಕಮಿಷನ್ನೇ ನೌರುವನ್ನೂ ನೋಡಿಕೊಳ್ಳುತ್ತದೆ (ಕಾಮನ್‌ವೆಲ್ತ್ ದೇಶಗಳ ನಡುವೆ ರಾಯಭಾರಿಯನ್ನು ಹೈಕಮಿಷನರ್ ಎನ್ನುತ್ತಾರೆ). ಮೊದಲು ಸ್ಥಳೀಯ ಪೊಲೀಸರಿಂದ ದೂರಿನ ಪ್ರತಿ ಪಡೆಯಿರಿ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಜೆರಾಕ್ಸ್ ಬೇರೆ ಚೀಲದಲ್ಲಿರಲಿ. ಎಮರ್ಜೆನ್ಸಿ ಸರ್ಟಿಫಿಕೇಟ್ (ಪಾಸ್‌ಪೋರ್ಟ್ ಬದಲಿನ ತುರ್ತು ಪ್ರಯಾಣ ಪತ್ರ) ಕೊಟ್ಟರೆ ಅದು ಭಾರತಕ್ಕೆ ಮರಳುವ ಒಂದೇ ಪ್ರಯಾಣಕ್ಕೆ. ಬ್ರಿಸ್ಬೇನ್ ಮೂಲಕ ಬರುವುದಾದರೆ ಇನ್ನೊಂದು ತೊಡಕಿದೆ. ಆಸ್ಟ್ರೇಲಿಯಾದ ವೀಸಾ ಪಾಸ್‌ಪೋರ್ಟ್ ಸಂಖ್ಯೆಗೆ ಜೋಡಿಸಿರುತ್ತದೆ; ಹೊಸ ದಾಖಲೆಗೆ ಅದನ್ನು ಬದಲಿಸಿಕೊಳ್ಳದೆ ಟಿಕೆಟ್ ಕಾಯ್ದಿರಿಸಬೇಡಿ.